ಕೊಡಗಲ್ಲಿ ಸರಕಾರಿ ಹೈಸ್ಕೂಲು ಅಂದ್ರೆ ಮೊದ್ಲು ಬಸ್ಸಿನ ಮಾತು

ನಮ್ ಕಡೆ ಸರಕಾರಿ ಹೈಸ್ಕೂಲಿಗೆ ಮಕ್ಳು ಕಮ್ಮಿ ಆಗ್ತಿದಾರೆ ಅಂದ ತಕ್ಷಣ ಎಲ್ರೂ ಹೇಳೋ ಕಾರಣ ಇಂಗ್ಲಿಷ್ ಮೀಡಿಯಂ. ಅದೂ ಒಂದು ಕಾರಣ, ಇಲ್ಲ ಅನ್ನಲ್ಲ. ಆದ್ರೆ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಅಪ್ಪ ಅಮ್ಮಂದಿರ ಹತ್ರ ಹತ್ತು ನಿಮಿಷ ಮಾತಾಡಿ ನೋಡಿ, ಬಸ್ಸು ಎಷ್ಟೊತ್ತಿಗೆ, ಸ್ಟಾಪಿನಿಂದ ಮನೆ ಎಷ್ಟು ದೂರ, ಸಂಜೆ ಆನೆ ಇರುತ್ತಾ ಅನ್ನೋದೇ ಮೊದ್ಲು ಬರುತ್ತೆ, ಮೀಡಿಯಂ ವಿಚಾರ ಆಮೇಲೆ.

ಈ ದೂರದ ಕಥೆ ಹಳೇದು. 1834ರಲ್ಲಿ ಬ್ರಿಟಿಷರು ಕೊಡಗನ್ನ ತಗೊಂಡ್ಮೇಲೆ ಹೈಸ್ಕೂಲ್ ಓದು ಅಂದ್ರೆ ಬಹಳ ಕಾಲ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲೇ. ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು, ಮುಂದೆ ಫೀಲ್ಡ್ ಮಾರ್ಷಲ್ ಆದವ್ರು, ಓದಿದ್ದು ಅಲ್ಲೇ. ಪೇಟೇಲಿ ನೆಂಟರ ಮನೆ ಇದ್ದವ್ರು, ಮಗನ್ನ ಊಟಕ್ಕೆ ವಸತಿಗೆ ಬಿಡೋ ತಾಕತ್ತು ಇದ್ದವ್ರು ಕಳಿಸಿದ್ರು, ತೋಟದ ಕೂಲಿಯವ್ರ ಮಕ್ಕಳಿಗೆ, ಬುಡಕಟ್ಟಿನವ್ರಾದ ಯರವರ, ಜೇನುಕುರುಬರ ಮಕ್ಕಳಿಗೆ ಅದು ಎಟುಕೋ ಮಾತೇ ಆಗಿರ್ಲಿಲ್ಲ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರ್ತು, ಆಮೇಲೆ ನಿಧಾನಕ್ಕೆ ಹೋಬಳಿ ಮಟ್ಟಕ್ಕೂ ಹೈಸ್ಕೂಲು ಬಂತು, 2009ರಲ್ಲಿ ಕೇಂದ್ರದ ಮಾಧ್ಯಮಿಕ ಶಿಕ್ಷಾ ಅಭಿಯಾನ ಬಂದು ಹೈಸ್ಕೂಲಿಗೆ ಅಂತಾನೇ ದುಡ್ಡು ಬರೋಕೆ ಶುರುವಾಯ್ತು.

ಅಷ್ಟೆಲ್ಲ ಆದ್ರೂ ಒಂದು ತೊಡಕು ಹಾಗೇ ಉಳ್ಕೊಂಡಿದೆ. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಗೆ ಬಂತಲ್ಲ, ಅದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ, ಅಂದ್ರೆ ಎಂಟನೇ ಕ್ಲಾಸ್ ತನಕ. ಮನೆ ಹತ್ರ ಶಾಲೆ ಇರ್ಬೇಕು ಅನ್ನೋ ಹಕ್ಕೂ ಅಲ್ಲಿಗೇ ಮುಗೀತು. ಮಗು ಊರಿನ ಪ್ರೈಮರಿಯಲ್ಲಿ ಏಳು ಅಥವಾ ಎಂಟು ಮುಗಿಸುತ್ತೆ, ಮುಂದಿನದಕ್ಕೆ ಬಸ್ ಹತ್ಬೇಕು, ಇಲ್ಲಾ ಹಾಸ್ಟೆಲ್ ಸೇರ್ಬೇಕು. ಬಿಡೋ ಮಕ್ಳು ಬಿಡೋದು ಹೆಚ್ಚಾಗಿ ಇಲ್ಲೇ. ಬುಡಕಟ್ಟು ಮಕ್ಕಳಿಗೆ ಅಂತ ಸರಕಾರ ನಡೆಸೋ ಆಶ್ರಮ ಶಾಲೇಲಿ ತಮ್ಮ ಹಾಡಿಯ, ಅಂದ್ರೆ ತಮ್ಮ ಜನರ ಕೇರಿಯ ಮಕ್ಕಳ ಜೊತೇಲೇ ಬೆಳೆದ ಯರವ ಹುಡುಗಿಗೆ ಇದ್ದಕ್ಕಿದ್ದಂಗೆ ಪೇಟೆ ಹೈಸ್ಕೂಲು, ಗುರ್ತಿಲ್ಲದ ಮುಖಗಳು, ಮನೇಲಿ ಆಡೋ ಭಾಷೆ ಅಲ್ಲಿ ಯಾರಿಗೂ ಬರಲ್ಲ, ಮೂರು ದಿನ ಹೋಗಿ ನಾಲ್ಕನೇ ದಿನ ಹಾಡೀಲೇ ಉಳ್ಕೊಂಡ್ರೆ ಕೇಳೋಕೆ ಬರೋವ್ರು ಯಾರು. ಟೀಚರ್ ಒಬ್ರು ಹುಡುಕ್ಕೊಂಡು ಹೋದ್ರೆ ಆ ಮಗು ವಾಪಸ್ ಬರುತ್ತೆ, ಹಂಗೆ ಹೋಗೋ ಟೀಚರುಗಳು ಇದಾರೆ, ಅವ್ರಿಗೆ ದೊಡ್ಡ ನಮಸ್ಕಾರ.

ಸರಕಾರ ಏನೂ ಮಾಡಿಲ್ಲ ಅಂತಲ್ಲ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಫ್ರೀ ಸೈಕಲ್ ಬಂತು. ಕುಶಾಲನಗರ, ಕೂಡಿಗೆ ಕಡೆ ಬಯಲು, ಅಲ್ಲಿ ಚೆನ್ನಾಗೇ ಓಡ್ತು, ಆದ್ರೆ ಗಾಳಿಬೀಡು, ಮಕ್ಕಂದೂರು ಏರಲ್ಲಿ ಮಕ್ಳು ಸೈಕಲ್ ಹತ್ತಿದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ಬೀದರಿಗೂ ಭಾಗಮಂಡಲಕ್ಕೂ ಒಂದೇ ಯೋಜನೆ ಮಾಡಿದ್ರೆ ಇನ್ನೇನಾಗುತ್ತೆ ಹೇಳಿ. ಕೋವಿಡ್ ಆದ್ಮೇಲೆ ಅದೂ ನಿಂತೋಯ್ತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಫ್ರೀ ಆಯ್ತು, ನಿಜಕ್ಕೂ ಒಳ್ಳೇದು, ಆದ್ರೆ ನಮ್ ಜಿಲ್ಲೇಲಿ ಎಷ್ಟೋ ರೂಟಲ್ಲಿ ಓಡೋದು ಪ್ರೈವೇಟ್ ಬಸ್ಸು. ಅಲ್ಲಿ ಶಕ್ತಿನೂ ಇಲ್ಲ ಕೆಎಸ್‌ಆರ್‌ಟಿಸಿ ಪಾಸೂ ನಡೆಯಲ್ಲ, ದಿನಾ ಕಾಸು ಕೊಡ್ಬೇಕು.

ಇನ್ನು ಮಳೆ. ಮೇ ಕೊನೆಗೋ ಜೂನ್ ಮೊದ್ಲಿಗೋ ಶಾಲೆ ಶುರು, ಆ ಹೊತ್ತಿಗೇ ಮಳೆನೂ ಶುರು. ಜುಲೈ ಬೆಳಿಗ್ಗೆ ಸ್ಟಾಪಲ್ಲಿ ನಿಂತ ಮಕ್ಕಳನ್ನ ನೋಡಿ, ಪುಸ್ತಕಕ್ಕೆ ಒಂದು ಪ್ಲಾಸ್ಟಿಕ್ ಕವರು, ಅದರ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ರೈನ್‌ಕೋಟು, ಆದ್ರೂ ಕ್ಲಾಸಿಗೆ ಹೋಗಿ ಕೂರೋವಾಗ ಮೊಣಕಾಲಿನಿಂದ ಕೆಳಗೆ ಪೂರ್ತಿ ಒದ್ದೆ, ಸಂಜೆ ತನಕ ಹಂಗೇ ಕೂರ್ಬೇಕು. ಡಿಸಿ ರಜೆ ಕೊಟ್ಟ ಸುದ್ದಿ ವಾಟ್ಸಾಪಿಗೆ ಬರೋ ಹೊತ್ತಿಗೆ ದೂರದ ಮಕ್ಳು ಮನೆ ಬಿಟ್ಟಾಗಿರುತ್ತೆ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ ಕಡೆ ಎಷ್ಟೋ ಮನೆ ಹೋಯ್ತು, ಶಾಲೆಗಳೇ ನಿರಾಶ್ರಿತರ ಶಿಬಿರ ಆದ್ವು, ಮರುವರ್ಷ ಕರಡಿಗೋಡು, ನೆಲ್ಲಿಹುದಿಕೇರಿ ಕಡೆ ಕಾವೇರಿ ನೀರು ಮನೆಗೆ ನುಗ್ತು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಜರೀತು, ಆ ವರ್ಷ ಕೋವಿಡ್ ಬೇರೆ. 2018ರಲ್ಲಿ ಎಂಟನೇ ಕ್ಲಾಸಲ್ಲಿದ್ದ ಮಕ್ಳ ಇಡೀ ಹೈಸ್ಕೂಲು ಇದ್ರಲ್ಲೇ ಕಳೀತು. ಅವ್ರ ಮಾರ್ಕ್ಸ್ ಕಾರ್ಡಲ್ಲಿ ಇದ್ಯಾವ್ದೂ ಕಾಣಲ್ಲ.

ಮಳೆ ನಿಂತ್ರೆ ಕಾಫಿ ಕುಯ್ಲು. ಡಿಸೆಂಬರ್ ಜನವರೀಲಿ ಲೈನ್ ಮನೆ, ಅಂದ್ರೆ ತೋಟದ ಕೂಲಿಯವ್ರ ಸಾಲುಮನೆ ಖಾಲಿ, ಅಪ್ಪ ಅಮ್ಮ ಇಬ್ರೂ ತೋಟದಲ್ಲಿ, ಚಿಕ್ಕದನ್ನ ನೋಡ್ಕೊಳ್ಳೋಕೆ ಒಂಬತ್ತನೇ ಕ್ಲಾಸಿನ ಅಕ್ಕ ಮನೇಲಿ. ಎಸ್‌ಎಸ್‌ಎಲ್‌ಸಿ ಮಕ್ಳಿಗೆ ಸ್ಪೆಷಲ್ ಕ್ಲಾಸು ಇಡೋದೂ, ಪೋಷಕರ ಮೀಟಿಂಗ್ ಕರೆಯೋದೂ ಅದೇ ಟೈಮಲ್ಲಿ. ತಾಯಿ ಬಂದ್ರೆ ಅವತ್ತಿನ ಕೂಲಿ ಹೋಯ್ತು, ಬರ್ದಿದ್ರೆ ಮಗುವಿನ ಮೇಲೆ ಕಾಳಜಿ ಇಲ್ಲ ಅಂತಾರೆ, ಈ ಮಾತು ನಂಗೆ ತುಂಬ ನೋವು ಕೊಡುತ್ತೆ. ಭಾನುವಾರ ಮೀಟಿಂಗ್ ಇಟ್ಟು ನೋಡ್ಲಿ, ಎಷ್ಟು ಜನ ಬರ್ತಾರೆ ಗೊತ್ತಾಗುತ್ತೆ.

ಬಿಸಿಯೂಟ ಇದೆ, ಹಾಲಿದೆ, 2023ರಿಂದ ಒಂಬತ್ತು ಹತ್ತನೇ ಕ್ಲಾಸಿಗೂ ಮೊಟ್ಟೆ ಬಂತು. ಬೆಳಿಗ್ಗೆ ಏಳಕ್ಕೇ ಬರೀ ಕಾಫಿ ಕುಡ್ದು ಹೊರಟ ಮಗುವಿಗೆ ಇದೆಲ್ಲ ಸಣ್ಣ ವಿಚಾರ ಅಲ್ಲ. ಇಂಗ್ಲಿಷ್ ಮೀಡಿಯಮ್ಮಿಗೂ ದಾರಿ ಆಗಿದೆ, 2019ರಲ್ಲಿ ರಾಜ್ಯದ ಸುಮಾರು ಸಾವಿರ ಸರಕಾರಿ ಶಾಲೇಲಿ ಒಂದನೇ ಕ್ಲಾಸ್ ಇಂಗ್ಲಿಷಲ್ಲಿ ಶುರು ಮಾಡಿದ್ರಲ್ಲ, ಆ ಮಕ್ಳು ಎಂಟನೇ ಕ್ಲಾಸಿಗೆ ಬರೋದು 2026ರ ಜೂನಿಗೆ.

ಎಸ್‌ಎಸ್‌ಎಲ್‌ಸಿ ರಿಸಲ್ಟ್ ನೋಡಿದ್ರೆ ನಮ್ ಜಿಲ್ಲೆ ಹಿಂದೆ ಬಿದ್ದಿಲ್ಲ. 2024ರಲ್ಲಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದ್ರೆ ಪರೀಕ್ಷಾ ಕೊಠಡಿ ಮೇಲೆ ಕ್ಯಾಮೆರಾ ನಿಗಾ ಬಂದು ರಾಜ್ಯದ ಫಲಿತಾಂಶ 83.89ರಿಂದ 73.40 ಪರ್ಸೆಂಟಿಗೆ ಇಳಿದಾಗ್ಲೂ ಕೊಡಗು ಮೊದಲ ಐದು ಜಿಲ್ಲೆ ಒಳಗೇ ಇತ್ತು. ಖುಷಿ ಪಡ್ಬೇಕಾದ್ದೇ. ಆದ್ರೆ ಪರೀಕ್ಷೆ ಬರೆದವ್ರ ಲೆಕ್ಕ ಅದು, ಒಂಬತ್ತರಲ್ಲೇ ಬಿಟ್ಟ ಮಗು ಆ ಪರ್ಸೆಂಟ್ ಒಳಗೆ ಇರೋದೇ ಇಲ್ಲ.

ಈಗ ಮಕ್ಳು ಕಮ್ಮಿ ಇರೋ ಶಾಲೇನ ಸೇರಿಸಿ ದೊಡ್ಡ ಪಬ್ಲಿಕ್ ಸ್ಕೂಲ್ ಮಾಡೋಣ ಅನ್ನೋ ಮಾತು ಜೋರಾಗಿದೆ. ಲ್ಯಾಬು, ಲೈಬ್ರರಿ, ಸಬ್ಜೆಕ್ಟಿಗೊಬ್ರು ಟೀಚರ್ ಸಿಕ್ಕಿದ್ರೆ ಯಾರಿಗೆ ಬೇಡ. ಆದ್ರೆ ಗಾಡಿ ವ್ಯವಸ್ಥೆ ಮಾಡ್ದೆ ಸೇರಿಸಿದ್ರೆ ಅದು ಶಾಲೆ ಮುಚ್ಚಿದಂಗೇ, ನನ್ನ ಅಭಿಪ್ರಾಯ ಇದ್ರಲ್ಲಿ ಸ್ಪಷ್ಟ. ಶಾಲಾ ಶಿಕ್ಷಣಕ್ಕೆ ಅಂತ ಕೇಂದ್ರದ ಸಮಗ್ರ ಶಿಕ್ಷಾ ಯೋಜನೇಲಿ 2021ರ ಪರಿಷ್ಕರಣೆ ಆದ್ಮೇಲೆ ಹೈಸ್ಕೂಲ್ ಮಕ್ಕಳಿಗೂ ಓಡಾಟಕ್ಕೆ ವರ್ಷಕ್ಕೆ 6000 ರೂಪಾಯಿ ತನಕ ಕೊಡೋಕೆ ಅವಕಾಶ ಇದೆ, ತಿಂಗಳಿಗೆ 500 ಆಯ್ತು. ಒಂದೇ ದಾರೀಲಿ ಬರೋ ಹತ್ತು ಮಕ್ಳು ಸೇರಿದ್ರೆ ಜೀಪಿನ ಬಾಡಿಗೇಲಿ ಒಂದು ಪಾಲು ಅಲ್ಲೇ ಸಿಗುತ್ತೆ. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯವ್ರು ಮೇ ತಿಂಗಳಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಹೋಗಿ ಯಾವ ಹಾಡಿ, ಯಾವ ಲೈನ್ ಮನೆ, ಎಷ್ಟು ಮಕ್ಳು, ಎಷ್ಟು ಕಿಲೋಮೀಟರ್ ಅಂತ ಬರ್ದು ಕೊಟ್ಟು ಕೇಳ್ಬೇಕು, ಜೂನಲ್ಲಿ ಮಳೆ ಹಿಡಿದ್ಮೇಲೆ ಕೇಳಿದ್ರೆ ಆ ವರ್ಷ ಹೋದಂಗೇ.