ಗೋಧಿ, ಹಾಲು ಒಗ್ಗದವರಿಗೆ ಮೈಸೂರು ಸೀಮೆಯ ಹೋಟೆಲ್ ಊಟ

ಮದ್ದೂರು ವಡೆಯಲ್ಲಿ ಗೋಧಿ ಇದೆಯಾ ಎಂದು ಕೇಳಿದರೆ ‘ಇಲ್ಲ, ಬರೀ ರವೆ, ಮೈದಾ, ಅಕ್ಕಿ ಹಿಟ್ಟು’ ಎಂಬ ಉತ್ತರ ಬರಬಹುದು. ರವೆ, ಮೈದಾ ಎರಡೂ ಗೋಧಿಯವೇ, ಆದರೂ ಹೇಳಿದವರು ಸುಳ್ಳಾಡುತ್ತಿಲ್ಲ. ಅಡುಗೆಮನೆಯ ಲೆಕ್ಕದಲ್ಲಿ ಗೋಧಿ ಅಂದರೆ ಚಪಾತಿ ಹಿಟ್ಟು, ಹಾಲು ಅಂದರೆ ಕಾಫಿಗೆ ಹಾಕುವ ಹಾಲು. ಹಾಗಾಗಿ ‘ನನಗೆ ಅಲರ್ಜಿ’ ಎಂದಷ್ಟೇ ಹೇಳಿದರೆ ಸಾಲದು. ರವೆ, ಮೈದಾ, ಶಾವಿಗೆ, ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ಅದೂ ಸಪ್ಲೈಯರನ್ನಲ್ಲ, ಒಲೆ ಮುಂದಿರುವ ಭಟ್ಟರನ್ನು. ಇಷ್ಟನ್ನೂ ದಪ್ಪ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು ಒಳಗೆ ಕಳಿಸುವುದು ಇನ್ನೂ ಒಳ್ಳೆಯದು.

ಅಲರ್ಜಿ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಒಂದು ಪ್ರೋಟೀನನ್ನು ಶತ್ರುವೆಂದು ತಿಳಿದು ಐಜಿಇ ಎಂಬ ಪ್ರತಿಕಾಯದ ಮೂಲಕ ಅದರ ಮೇಲೆ ಬೀಳುವುದು. ತಿಂದ ಕೆಲವೇ ನಿಮಿಷಗಳಿಂದ ಸುಮಾರು ಎರಡು ಗಂಟೆಯೊಳಗೆ ಪಿತ್ತಗಂಧೆ, ತುಟಿ ಊತ, ವಾಂತಿ, ಉಬ್ಬಸ ಕಾಣಿಸಿಕೊಳ್ಳುತ್ತವೆ. ಗೋಧಿಯ ಗ್ಲೂಟೆನ್‌ನಿಂದ ಕರುಳು ನಿಧಾನವಾಗಿ ಹಾಳಾಗುವ ಸೀಲಿಯಾಕ್ ಕಾಯಿಲೆ ಬೇರೆ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದೂ ಬೇರೆ. ಹಾಲಿನ ಅಲರ್ಜಿ ಇರುವವರಿಗೆ ಲ್ಯಾಕ್ಟೋಸ್ ತೆಗೆದ ಹಾಲು ಅಪಾಯಕಾರಿಯೇ, ಏಕೆಂದರೆ ಅದರಲ್ಲಿ ಪ್ರೋಟೀನ್ ಹಾಗೆಯೇ ಉಳಿದಿರುತ್ತದೆ. ‘ನಾಟಿ ಹಸುವಿನ ಹಾಲು ಕುಡಿಯಿರಿ, ಎಮ್ಮೆ ಹಾಲು ಆಗುತ್ತೆ’ ಎಂಬ ಸಲಹೆಯನ್ನೂ ನಂಬಬಾರದು. ಹಸು, ಎಮ್ಮೆ, ಮೇಕೆ ಮೂರರ ಹಾಲಿನ ಪ್ರೋಟೀನುಗಳೂ ಒಂದನ್ನೊಂದು ತುಂಬಾ ಹೋಲುತ್ತವೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ 80ರಷ್ಟಿರುವ ಕೇಸಿನ್ ಎಷ್ಟು ಕುದಿಸಿದರೂ ಸುಲಭಕ್ಕೆ ಕೆಡುವುದಿಲ್ಲ.

ಹೋಟೆಲಿನಲ್ಲಿ ನಿಜವಾಗಿ ನೋಡಬೇಕಾದದ್ದು ದೋಸೆ ಕಾವಲಿಯನ್ನು. ಖಾಲಿ ದೋಸೆಯ ಹಿಟ್ಟು ಅಕ್ಕಿ, ಉದ್ದು, ಮೆಂತ್ಯದ್ದು. ಗರಿಗರಿಯಾಗಲೆಂದು ಕೆಲವೆಡೆ ರವೆಯನ್ನೋ ಮೈದಾವನ್ನೋ ಬೆರೆಸುತ್ತಾರೆ, ಅದನ್ನು ಕೇಳಿ ತಿಳಿಯಬೇಕು. ಹಿಟ್ಟು ಶುದ್ಧವಾಗಿದ್ದರೂ ಕಾವಲಿ ಶುದ್ಧವಾಗಿರುವುದಿಲ್ಲ. ಒಂದು ಸಾಲು ದೋಸೆ ಎತ್ತಿದ ಮೇಲೆ ನೀರು ಚಿಮುಕಿಸಿ, ಮೋಟು ಪೊರಕೆಯಿಂದ ಗುಡಿಸುತ್ತಾರೆ. ರವೆ ದೋಸೆಯ ಹುಡಿ, ಮಸಾಲೆ ದೋಸೆಯ ಬೆಣ್ಣೆ ಆ ಪೊರಕೆಯ ಕಡ್ಡಿಗಳಿಗೆ ಅಂಟಿಕೊಂಡು ಮುಂದಿನ ಸಾಲಿಗೂ ಬರುತ್ತವೆ. ಮಗುಚುವ ಕೈಯೂ ಒಂದೇ, ಎಣ್ಣೆ ಸೌಟೂ ಒಂದೇ. ಬಾಣಲೆಯ ಕಥೆಯೂ ಇದೇ: ಉದ್ದಿನ ವಡೆ ಬೇಯುವ ಎಣ್ಣೆಯಲ್ಲಿ ಪೂರಿ ಬೆಂದಿದ್ದರೆ, ಎಣ್ಣೆಯ ಬಿಸಿ ಗೋಧಿಯ ಪ್ರೋಟೀನನ್ನು ಇಲ್ಲವಾಗಿಸುವುದಿಲ್ಲ. ಆದ್ದರಿಂದ ಅಲರ್ಜಿ ತೀವ್ರವಾಗಿರುವವರಿಗೆ ದೋಸೆಗಿಂತ ಹಬೆಯಲ್ಲಿ ಬೆಂದ ಅಕ್ಕಿ ಇಡ್ಲಿ ಮೇಲು, ಅದೂ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿನ ಮೊದಲ ಪಾತ್ರೆಯದು. ತಟ್ಟೆಗೆ ತುಪ್ಪ ಸವರಿದ್ದಾರೆಯೇ, ರವೆ ಇಡ್ಲಿಯನ್ನು ಅದೇ ತಟ್ಟೆಯಲ್ಲಿ ಹುಯ್ಯುತ್ತಾರೆಯೇ ಎಂದೂ ಕೇಳಬೇಕು.

ಇಡ್ಲಿಯ ಜೊತೆಗೆ ಬರುವ ಸಾಂಬಾರು ಇನ್ನೊಂದು ಸಮಸ್ಯೆ. ಅಪ್ಪಟ ಇಂಗು ತುಂಬಾ ಘಾಟು, ಹಾಗಾಗಿ ಅಂಗಡಿಯಲ್ಲಿ ಸಿಗುವ ಇಂಗನ್ನು ಹೆಚ್ಚಾಗಿ ಮೈದಾ ಮತ್ತು ಅಂಟಿನ ಜೊತೆ ಬೆರೆಸಿರುತ್ತಾರೆ. ಒಗ್ಗರಣೆಗೆ ಬೀಳುವುದು ಚಿಟಿಕೆಯಷ್ಟೇ ಆದರೂ ಅದು ಇಡೀ ಹಂಡೆಗೆ ಸೇರುತ್ತದೆ. ನಿಮ್ಮ ಬಟ್ಟಲಿನಿಂದ ಮಾತ್ರ ತೆಗೆಯಲಾಗದು. ತಿಳಿಸಾರು, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿಗಳಿಗೂ ಈ ಮಾತು ಅನ್ವಯಿಸುತ್ತದೆ. ಚಟ್ನಿಯಾದರೆ ಒಗ್ಗರಣೆ ಹಾಕುವ ಮೊದಲೇ ತೆಗೆದಿಡಲು ಹೇಳಬಹುದು, ಮೊಸರು ಬೆರೆಸಿಲ್ಲವೆಂದು ಖಾತ್ರಿ ಮಾಡಿಕೊಂಡು.

ತುಪ್ಪದ ವಿಷಯದಲ್ಲಿ ಗೊಂದಲ ಹೆಚ್ಚು. ಅದು ಬಹುಪಾಲು ಕೊಬ್ಬೇ ಹೌದು, ಆದರೆ ಪ್ರೋಟೀನಿನ ಲವಲೇಶ ಉಳಿದಿರುತ್ತದೆ. ಹಾಲಿನ ಅಲರ್ಜಿ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟದಿರುವುದೇ ಸರಿ. ಬಿಸಿಬೇಳೆಬಾತ್, ಖಾರಾಬಾತ್, ಮೈಸೂರು ಪಾಕ್ ಎಲ್ಲದರಲ್ಲೂ ತುಪ್ಪವಿರಬಹುದು. ಬಿರಿಯಾನಿಗೂ ಚಿಕನ್ ಕಬಾಬಿಗೂ ಮಾಂಸ ನೆನೆಸಲು ಮೊಸರು ಹಾಕುವುದುಂಟು. ಗೋಬಿ ಮಂಚೂರಿಯಲ್ಲಿ ಮೈದಾ ಇಲ್ಲದಿದ್ದರೂ ಸೋಯಾ ಸಾಸ್ ಇರುತ್ತದೆ, ಅದರಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ.

ಈ ವಿಷಯದಲ್ಲಿ ಮಂಡ್ಯದ ಊಟ ದೊಡ್ಡ ವರ. ರಾಗಿ ಮುದ್ದೆ, ಬಸ್ಸಾರು ಅಥವಾ ಉಪ್ಪೆಸರು, ನಾಟಿ ಕೋಳಿ ಸಾರು: ಮೂಲದಲ್ಲಿ ಗೋಧಿಯೂ ಇಲ್ಲ, ಹಾಲೂ ಇಲ್ಲ. ಬಸ್ಸಾರಿಗೆ ಹೆಚ್ಚಾಗಿ ಬೆಳ್ಳುಳ್ಳಿ ಒಗ್ಗರಣೆಯೇ. ವಿಚಾರಿಸಬೇಕಾದದ್ದು ಎರಡು. ಮುದ್ದೆ ಕಟ್ಟುವಾಗ ಕೈಗೆ ನೀರು ಮುಟ್ಟಿಸಿಕೊಳ್ಳುತ್ತಾರೋ ತುಪ್ಪವೋ? ರಾಗಿ ಬೀಸಿದ ಗಿರಣಿಯಲ್ಲೇ ಗೋಧಿಯನ್ನೂ ಬೀಸುತ್ತಾರೋ? ಎರಡನೆಯದು ಹೌದಾದರೆ ಅಲರ್ಜಿ ತೀವ್ರವಾಗಿರುವವರು ಅನ್ನ ಕೇಳುವುದು ಕ್ಷೇಮ. ಹೋಟೆಲಿನ ರಾಗಿ ದೋಸೆಗೆ ರವೆ ಬೆರೆಸಿರಬಹುದು. ಹೆಸರು ನೋಡಿ ನೆಮ್ಮದಿಯಾಗಬೇಡಿ.

ಕೆಲವರಿಗೆ ಗೋಧಿ ಸುಮ್ಮನೆ ತಿಂದರೆ ಏನೂ ಆಗದು, ತಿಂದು ಮೈ ದಣಿಸಿದರೆ ಮಾತ್ರ ಅಲರ್ಜಿ ಕೆರಳುತ್ತದೆ. ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನ್ ಇದರ ಮುಖ್ಯ ಕಾರಣ. ಪೂರಿ ಸಾಗು ತಿಂದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಮೈಯೆಲ್ಲ ಗಂಧೆ ಎದ್ದರೆ ಬಿಸಿಲಿನ ಮೇಲೆ ಹಾಕದೆ ಅಲರ್ಜಿ ವೈದ್ಯರಿಗೆ ತೋರಿಸಬೇಕು.

ಪ್ಯಾಕೆಟ್ ತಿಂಡಿಯ ಮೇಲೆ ಗೋಧಿ, ಹಾಲಿನ ಮಾಹಿತಿ ಮುದ್ರಿಸಬೇಕೆಂದು 2020ರ ಲೇಬಲಿಂಗ್ ನಿಯಮ ಹೇಳುತ್ತದೆ. ಮೆನುವಿನಲ್ಲಿ ತಿಳಿಸಬೇಕಾದವರು ಕೇಂದ್ರ ಪರವಾನಗಿ ಪಡೆದ ಅಥವಾ 10ಕ್ಕಿಂತ ಕಡಿಮೆಯಿಲ್ಲದಷ್ಟು ಕಡೆ ಶಾಖೆ ಇರುವ ಹೋಟೆಲಿನವರು. ಬೀದಿ ಕೊನೆಯ ದರ್ಶಿನಿಗೆ ಅದು ಅನ್ವಯಿಸದು.

ಉಸಿರು ಕಟ್ಟಿದರೆ, ಧ್ವನಿ ಒಡೆದರೆ, ತಲೆ ಸುತ್ತಿ ಕುಸಿದರೆ ಸೆಟ್ರಿಜಿನ್ ಮಾತ್ರೆ ನುಂಗಿ ಕಾಯುವ ಹೊತ್ತಲ್ಲ ಅದು. ಜೀವ ಉಳಿಸುವುದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ದೇಹತೂಕದ ಪ್ರತಿ ಕೆ.ಜಿ.ಗೆ 0.01 ಮಿ.ಗ್ರಾಂ, ವಯಸ್ಕರಿಗೆ ಹೆಚ್ಚೆಂದರೆ 0.5 ಮಿ.ಗ್ರಾಂ. ವೈದ್ಯರು ಬರೆದುಕೊಟ್ಟು ಕಲಿಸಿದ್ದರೆ ತಡಮಾಡದೆ ಚುಚ್ಚಿ, 108ಕ್ಕೆ ಕರೆ ಮಾಡಬೇಕು. ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಉಬ್ಬಸವಿದ್ದರೆ ಒರಗಿ ಕೂರಿಸಬಹುದು, ಎಬ್ಬಿಸಿ ನಡೆಸಬಾರದು. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ, ಯಾವುದು ಹತ್ತಿರವೋ ಅಲ್ಲಿಗೆ. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಅಲ್ಲೇ ಇರಬೇಕು, ಏಕೆಂದರೆ ಕೆಲವರಲ್ಲಿ ಮತ್ತೇನೂ ತಿನ್ನದೆಯೇ ಲಕ್ಷಣಗಳು ಎರಡನೇ ಸಲ ಮರುಕಳಿಸುತ್ತವೆ.