‘ಹೇಳಿದಂತೆ ಆಗಲಿಲ್ಲ’ ಎಂದರೆ ಆಗಬೇಕಿತ್ತೇ, ಆಗಬಾರದಿತ್ತೇ?

ಓದುಗರ ಪ್ರಶ್ನೆ: ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಸರಕು ಪೂರೈಸುವವರೊಬ್ಬರ ಬಿಲ್ಲನ್ನು ತಡೆಹಿಡಿಯುವಂತೆ ನಮ್ಮ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದರು. ಶುಕ್ರವಾರ ಸಂಜೆ ಅವರಿಗೆ, ‘ದಿ ಪೇಮೆಂಟ್ ವಾಸ್ ನಾಟ್ ರಿಲೀಸ್ಡ್ ಆ್ಯಸ್ ಪರ್ ಯುವರ್ ಇನ್‌ಸ್ಟ್ರಕ್ಷನ್’ ಎಂದು ಮೇಲ್ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿ, ‘ರಿಲೀಸ್ ಮಾಡಿ ಅಂತ ನಾನ್ಯಾವಾಗ ಹೇಳಿದ್ದೆ ರೀ?’ ಎಂದು ರೇಗಿದರು. ನನ್ನ ವಾಕ್ಯದಲ್ಲಿ ತಪ್ಪೇನಿತ್ತು?

ಉತ್ತರ: ವ್ಯಾಕರಣದ ತಪ್ಪು ಏನೂ ಇರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ತಪ್ಪು ವಾಕ್ಯವಾಗಿದ್ದರೆ ಓದಿದವರು ಒಂದು ಕ್ಷಣ ತಡೆದು ಯೋಚಿಸುತ್ತಿದ್ದರು. ನಿಮ್ಮ ವಾಕ್ಯ ಸರಾಗವಾಗಿ ಓದಿಸಿಕೊಳ್ಳುತ್ತದೆ, ಆದರೆ ಓದುವವರು ಯಾರೆಂಬುದರ ಮೇಲೆ ಮೂರು ಬೇರೆ ಬೇರೆ ಅರ್ಥಗಳನ್ನು ಕೊಡುತ್ತದೆ. ಒಂದು, ತಡೆಯಿರಿ ಎಂದಿರಿ, ಅದರಂತೆ ತಡೆದೆವು. ಎರಡು, ಬಿಡುಗಡೆ ಮಾಡಿ ಎಂದಿರಿ, ಆದರೂ ಮಾಡಲಿಲ್ಲ. ಮೂರು, ಹಣವೇನೋ ಬಿಡುಗಡೆಯಾಯಿತು, ಆದರೆ ನೀವು ಹೇಳಿದ ರೀತಿಯಲ್ಲಿ ಆಗಲಿಲ್ಲ. ಎರಡು ಕಂತಿನಲ್ಲಿ ಕೊಡಿ ಎಂದದ್ದನ್ನು ಒಂದೇ ಕಂತಿನಲ್ಲಿ ಕೊಟ್ಟೆವು ಎಂಬಂತೆ. ನೀವು ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಿ, ನಿಮ್ಮ ಮ್ಯಾನೇಜರ್ ಎರಡನೆಯದನ್ನು ಓದಿದರು.

ಇದನ್ನು ಇಂಗ್ಲಿಷಿನ ವಕ್ರತೆ ಎಂದು ತಳ್ಳಿಹಾಕುವ ಮೊದಲು ನಮ್ಮ ಮಾತನ್ನೇ ಒಮ್ಮೆ ನೋಡೋಣ. ‘ನೀವು ಹೇಳಿದಂತೆ ಅವರು ಬರಲಿಲ್ಲ’ ಎಂಬ ವಾಕ್ಯದಲ್ಲಿ ನೀವು ಹೇಳಿದ್ದು ‘ಬರುತ್ತಾರೆ’ ಎಂದೋ ‘ಬರುವುದಿಲ್ಲ’ ಎಂದೋ? ಎರಡೂ ಆಗಬಹುದು. ‘ನಿಮ್ಮಂತೆ ನಾನು ಹಾಡುವುದಿಲ್ಲ’ ಎಂಬುದು ಹಾಡುಗಾರರ ಎದುರು ವಿನಯದ ಮಾತು; ಹಾಡದವರ ಎದುರು, ನಾನೂ ನಿಮ್ಮ ಪೈಕಿಯೇ ಎಂದಂತೆ. ಇನ್ನು ‘ಬಸ್ಸು ಎಂದಿನಂತೆ ಬರಲಿಲ್ಲ’ ಎಂಬ ವಾಕ್ಯವನ್ನು ಬನಶಂಕರಿಯ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತವರ ಬಾಯಲ್ಲಿ ಕೇಳಿದರೆ, ದಿನವೂ ಬರುವ ಬಸ್ಸು ಇಂದು ಬರಲಿಲ್ಲವೋ, ದಿನವೂ ಬಾರದ ಬಸ್ಸು ಇಂದೂ ಬರಲಿಲ್ಲವೋ ಎಂಬುದನ್ನು ಅವರ ಮುಖ ನೋಡಿಯೇ ತಿಳಿಯಬೇಕು.

ಹೀಗಾಗುವುದಕ್ಕೆ ಕಾರಣ ನಿಷೇಧದ ವ್ಯಾಪ್ತಿ, ಅಂದರೆ ‘ನಾಟ್’ ಅಥವಾ ‘ಇಲ್ಲ’ ಎಂಬ ಪದ ವಾಕ್ಯದ ಎಷ್ಟು ಭಾಗವನ್ನು ಅಲ್ಲಗಳೆಯುತ್ತದೆ ಎಂಬುದು. ವಾಕ್ಯದಲ್ಲಿ ಒಂದು ‘ನಾಟ್’ ಇದ್ದು, ಅದರ ನಂತರ ‘ಆ್ಯಸ್’ನಿಂದ ಆರಂಭವಾಗುವ ತುಂಡೊಂದು ಬಂದರೆ, ಆ ತುಂಡು ನಿಷೇಧದ ಕೈಗೆ ಸಿಗುತ್ತದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಸಿಕ್ಕರೆ ‘ಹಾಗೆ ಅಲ್ಲ, ಬೇರೆ ರೀತಿ’ ಎಂಬ ಮೂರನೆಯ ಅರ್ಥ ಬರುತ್ತದೆ. ಸಿಗದಿದ್ದರೆ, ‘ನೀವು ಹೇಳಿದಂತೆ’ ಎಂಬುದು ವಾಕ್ಯದ ಮುಂಚಿನ ಭಾಗದಲ್ಲಿ ಯಾವುದನ್ನು ಸೂಚಿಸುತ್ತದೆ ಎಂಬ ಎರಡನೆಯ ಪ್ರಶ್ನೆ ಏಳುತ್ತದೆ: ‘ನಾಟ್’ ಕೂಡಿಕೊಂಡ ಇಡೀ ಸಂಗತಿಯನ್ನೋ, ‘ನಾಟ್’ ಬಿಟ್ಟು ಬರಿಯ ಕೆಲಸವನ್ನೋ? ಮಾತಿನಲ್ಲಿ ದನಿಯ ಏರಿಳಿತ ಮತ್ತು ನಡುವಿನ ನಿಲುಗಡೆ ಇದನ್ನು ಬಹುಮಟ್ಟಿಗೆ ಬಗೆಹರಿಸುತ್ತವೆ, ಆದರೆ ಮೇಲ್‌ಗೆ ದನಿ ಇಲ್ಲ.

ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೊ ಯೆಸ್ಪರ್ಸನ್ 1917ರಲ್ಲಿಯೇ ನಿಷೇಧದ ಬಗ್ಗೆ ಒಂದು ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿ, ಅರ್ಥದ ದೃಷ್ಟಿಯಿಂದ ಬೇರೊಂದು ಪದಕ್ಕೆ ಸೇರಬೇಕಾದ ‘ನಾಟ್’ ಕೂಡ ಕ್ರಿಯಾಪದದ ಕಡೆಗೇ ಎಳೆಯಲ್ಪಡುತ್ತದೆ ಎಂಬ ಒಲವನ್ನು ಗುರುತಿಸಿದ್ದರು. ನಿಮ್ಮ ವಾಕ್ಯದಲ್ಲಿ ನಡೆದಿರುವುದು ಅದೇ: ಯಾವುದನ್ನು ಅಲ್ಲಗಳೆಯಬೇಕಾದರೂ ‘ನಾಟ್’ ಹೋಗಿ ‘ವಾಸ್’ ಪಕ್ಕದಲ್ಲಿ ಕೂರುತ್ತದೆ. ಕನ್ನಡ ಬಲ್ಲವರಿಗೆ ಇಲ್ಲೊಂದು ಅನುಕೂಲವಿದೆ. ಇಂಗ್ಲಿಷ್ ಒಂದೇ ‘ನಾಟ್’ನಿಂದ ತೀರಿಸುವ ಕೆಲಸವನ್ನು ನಾವು ‘ಇಲ್ಲ’ ಮತ್ತು ‘ಅಲ್ಲ’ ಎಂಬ ಎರಡು ಪದಗಳಿಗೆ ಹಂಚಿಕೊಟ್ಟಿದ್ದೇವೆ. ಹಣ ಬಿಡುಗಡೆ ಆಗ‘ಲಿಲ್ಲ’ ಎಂದರೆ ಕೆಲಸವೇ ನಡೆದಿಲ್ಲ. ಹಣ ಬಿಡುಗಡೆಯಾದದ್ದು ನೀವು ಹೇಳಿದಂತೆ ‘ಅಲ್ಲ’ ಎಂದರೆ ಕೆಲಸ ನಡೆದಿದೆ, ರೀತಿ ಬೇರೆ. ಆದ್ದರಿಂದ ಕಳಿಸುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ಕೊನೆಗೆ ಬರುವುದು ‘ಇಲ್ಲ’ವೋ ‘ಅಲ್ಲ’ವೋ ಎಂದು ನೋಡಿ. ‘ಅಲ್ಲ’ ಬಂದರೆ ಇಂಗ್ಲಿಷಿನಲ್ಲಿಯೂ ‘ನಾಟ್’ ಅನ್ನು ಕ್ರಿಯಾಪದದಿಂದ ಕಿತ್ತು ‘ಆ್ಯಸ್’ ಮುಂದೆ ಇಡಬೇಕು: ‘ದಿ ಪೇಮೆಂಟ್ ವಾಸ್ ರಿಲೀಸ್ಡ್, ಬಟ್ ನಾಟ್ ಆ್ಯಸ್ ಯು ಹ್ಯಾಡ್ ಇನ್‌ಸ್ಟ್ರಕ್ಟೆಡ್.’ ಮೂರನೆಯ ಅರ್ಥದ ಗೊಂದಲ ಇಷ್ಟಕ್ಕೇ ಮುಗಿಯುತ್ತದೆ.

‘ಇಲ್ಲ’ ಬಂದಾಗ ಉಳಿಯುವುದು ಮೊದಲೆರಡು ಅರ್ಥಗಳ ಜಗಳ. ಅಲ್ಪವಿರಾಮ ಹಾಕಿದರೆ ಸರಿಹೋಗುತ್ತದೆಂದು ಹಲವರು ನಂಬಿದ್ದಾರೆ, ಆದರೆ ಅದು ಅರ್ಧ ನಿಜ. ‘ರಿಲೀಸ್ಡ್’ ಆದಮೇಲೆ ಅಲ್ಪವಿರಾಮ ಇಟ್ಟರೆ ರೀತಿಯ ಅರ್ಥ ತೊಲಗುತ್ತದೆ. ತಡೆಯಲು ಹೇಳಿದ್ದರೋ ಕೊಡಲು ಹೇಳಿದ್ದರೋ ಎಂಬುದು ಹಾಗೆಯೇ ಉಳಿಯುತ್ತದೆ. ಕೆಲಸಕ್ಕೆ ಬರುವುದು ಸ್ಥಾನ. ‘ಆ್ಯಸ್ ಯು ಹ್ಯಾಡ್ ಇನ್‌ಸ್ಟ್ರಕ್ಟೆಡ್’ ಎಂಬುದನ್ನು ವಾಕ್ಯದ ಆರಂಭಕ್ಕೆ ತಂದರೆ, ಸಾಮಾನ್ಯವಾಗಿ ಓದುಗರು ಅದರ ನಂತರ ಬರುವ ‘ನಾಟ್’ ಸಮೇತವಾದ ಇಡೀ ಮಾತಿಗೆ ಅದನ್ನು ಅನ್ವಯಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಇದೇ ಕೆಲಸವನ್ನು ಒಂದು ಪುಟ್ಟ ‘ಏ’ಕಾರ ಮಾಡುತ್ತದೆ; ‘ನೀವು ಹೇಳಿದಂತೆಯೇ ಅವರು ಬರಲಿಲ್ಲ’ ಎಂದಾಗ ಬರುವುದಿಲ್ಲವೆಂದೇ ನೀವು ಹೇಳಿದ್ದಿರಿ ಎಂಬ ಕಡೆಗೆ ವಾಕ್ಯ ವಾಲುತ್ತದೆ. ಎರಡನೆಯ ಅರ್ಥ ಬೇಕಿದ್ದರೆ ‘ಆ್ಯಸ್’ ಅನ್ನೇ ಕೈಬಿಡುವುದು ಲೇಸು. ನಾವು ‘ನೀವು ಹೇಳಿದ್ದರೂ’ ಎನ್ನುವಲ್ಲಿ ಇಂಗ್ಲಿಷಿನವರು ‘ಆಲ್ದೋ’ ಎನ್ನುತ್ತಾರೆ, ಇಲ್ಲವೇ ‘ಕಾಂಟ್ರರಿ ಟು’ ಎನ್ನುತ್ತಾರೆ.

ಕಾರಣ ಹೇಳುವ ‘ಆ್ಯಸ್’ ಮಾತ್ರ ಈ ವಿಷಯದಲ್ಲಿ ಸಾಧು. ‘ಐ ಡಿಡ್ ನಾಟ್ ಲೀವ್ ಆ್ಯಸ್ ಇಟ್ ವಾಸ್ ರೇನಿಂಗ್’ ಎಂದರೆ ಮಳೆಯ ಕಾರಣ ಹೊರಡಲಿಲ್ಲ ಎಂದೇ ಅರ್ಥ. ಅಲ್ಲಿ ‘ಬಿಕಾಸ್’ ಹಾಕಿ ನೋಡಿ: ಹೊರಟೆ, ಆದರೆ ಹೊರಟದ್ದು ಮಳೆ ಬಂತೆಂದಲ್ಲ ಎಂಬ ಇನ್ನೊಂದು ಅರ್ಥಕ್ಕೂ ಬಾಗಿಲು ತೆರೆದುಕೊಳ್ಳುತ್ತದೆ. ಇನ್ನು ಹೋಲಿಕೆಯಲ್ಲಿ ‘ನಾಟ್ ಆ್ಯಸ್ ಟಾಲ್ ಆ್ಯಸ್’ ಸರಿಯೋ ‘ನಾಟ್ ಸೋ ಟಾಲ್ ಆ್ಯಸ್’ ಸರಿಯೋ ಎಂದು ಕೇಳುವವರೂ ಇದ್ದಾರೆ. ಎರಡೂ ಸರಿ, ಮೊದಲನೆಯದು ಇಂದು ಹೆಚ್ಚು ಬಳಕೆಯಲ್ಲಿದೆ.

ನಿಮ್ಮ ಮೇಲ್‌ಗೆ ಮರಳುವುದಾದರೆ, ನಾನಾಗಿದ್ದರೆ ‘ನಾಟ್’ ಅನ್ನೇ ಬಳಸುತ್ತಿರಲಿಲ್ಲ. ನಮ್ಮ ಕಚೇರಿಗಳಲ್ಲಿ ‘ಆ್ಯಸ್ ಪರ್’ ಇಲ್ಲದ ಪತ್ರಕ್ಕೆ ತೂಕವಿಲ್ಲವೆಂಬ ಭಾವನೆ ಇದೆಯಾದರೂ ಅದನ್ನೂ ಬಿಡುತ್ತಿದ್ದೆ. ತಡೆಹಿಡಿಯುವುದು ಎಂಬುದಕ್ಕೆ ಇಂಗ್ಲಿಷಿನಲ್ಲಿ ನೇರವಾದ ಕ್ರಿಯಾಪದವೇ ಇರುವಾಗ ಬಿಡುಗಡೆಯನ್ನು ಹೇಳಿ ಆಮೇಲೆ ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ: ‘ಆ್ಯಸ್ ಯು ಇನ್‌ಸ್ಟ್ರಕ್ಟೆಡ್, ವಿ ಹ್ಯಾವ್ ಹೆಲ್ಡ್ ಬ್ಯಾಕ್ ದಿ ಪೇಮೆಂಟ್.’ ಸೋಮವಾರ ಇದನ್ನೇ ಇನ್ನೊಮ್ಮೆ ಕಳಿಸಿ. ಬಾಯಿಮಾತಿನ ಸೂಚನೆಗೆ ಬರಹದಲ್ಲಿ ಒಂದು ದಾಖಲೆಯೂ ಆಗುತ್ತದೆ.