ತ್ಸುಮಾಗೊದ ಮನೆಗಳು ನಿಜಕ್ಕೂ 400 ವರ್ಷ ಹಳೆಯವೇ?

ಪ್ರಶ್ನೆ: ಜಪಾನಿನ ತ್ಸುಮಾಗೊ ಊರಲ್ಲಿ ಸಮುರಾಯ್ ಕಾಲದ, 400 ವರ್ಷ ಹಳೆಯ ಮನೆಗಳು ಇದ್ದ ಹಾಗೇ ಉಳಿದಿವೆಯಂತೆ, ಹೌದಾ?

ಉತ್ತರ: ಅಲ್ಲ. ಇದಕ್ಕೆ ಉತ್ತರ ಬರೆದು ಬರೆದು ಕೈ ಸೋತಿದೆ. ಇನ್ನೊಂದು ಸಲ ಬರೆಯುತ್ತೇನೆ, ಈ ಬಾರಿ ಮರದಿಂದ ಶುರುಮಾಡಿ.

ಎದೊದಿಂದ (ಈಗಿನ ಟೋಕಿಯೊ) ಕ್ಯೋಟೊಗೆ ಬೆಟ್ಟಗಾಡಿನಲ್ಲಿ ಹಾದುಹೋಗುತ್ತಿದ್ದ ಹಳೆಯ ಹೆದ್ದಾರಿ ನಾಕಾಸೆಂಡೊ. ಅದರ 69 ತಂಗುದಾಣಗಳಲ್ಲಿ ತ್ಸುಮಾಗೊ 42ನೆಯದು. ಅಲ್ಲಿಗೆ ಹೋದವರೆಲ್ಲ ಬಾಯಿ ಬಿಟ್ಟು ನೋಡುವ ಮನೆ ‘ಒಕುಯಾ’. ದೊಡ್ಡ ಪರಿವಾರದೊಡನೆ ಬಂದವರಿಗೆ ಮುಖ್ಯ ಬಿಡಾರವಾದ ಹೊಂಜಿನ್ ಸಾಲದಾದಾಗ ತೆರೆದುಕೊಳ್ಳುತ್ತಿದ್ದ ಎರಡನೇ ಬಿಡಾರ ಅದು. ತೊಲೆಗಳೆಲ್ಲ ಹಿನೋಕಿ (ಜಪಾನಿನ ಸೈಪ್ರೆಸ್) ಮರದವು. ನಡುಮನೆಯ ಒಲೆಗುಂಡಿಯ ಹೊಗೆ ಹತ್ತಿ, ಉಜ್ಜಿ ಉಜ್ಜಿ, ಕಪ್ಪಗೆ ಮಿರುಗುತ್ತವೆ. ಫೋಟೊ ತೆಗೆದು ‘ಸಮುರಾಯ್ ಮನೆ’ ಎಂದು ಹಂಚುವವರು ಒಂದು ಗಳಿಗೆ ಯೋಚಿಸಬೇಕು. ಆ ಕಾಲದಲ್ಲಿ ತ್ಸುಮಾಗೊ ಇರುವ ಕಿಸೊ ಕಣಿವೆಯ ಹಿನೋಕಿ ಸೇರಿ ಐದು ಜಾತಿಯ ಮರಗಳನ್ನು ಜನ ಕಡಿಯುವ ಹಾಗಿರಲಿಲ್ಲ. ‘ಒಂದು ಮರಕ್ಕೆ ಒಂದು ತಲೆ’ ಎನ್ನುವುದು ಅಲ್ಲಿನ ಮಾತು. ಹಾಗಿದ್ದಾಗ ಇಡೀ ಮನೆಗೆ ಹಿನೋಕಿ ಎಲ್ಲಿಂದ ಬಂತು? ಬಂದದ್ದು ಸಮುರಾಯ್ ಆಳ್ವಿಕೆ ಮುಗಿದು, ನಿಷೇಧ ಸಡಿಲವಾದ ಮೇಲೆ. ಒಕುಯಾದ ಈಗಿನ ಕಟ್ಟಡ ಕಟ್ಟಿದ್ದು 1877ರಲ್ಲಿ. ನೀವು ಸಾಕ್ಷಿ ಅಂತ ತೋರಿಸುವ ಮರವೇ ನಿಮಗೆ ತಿರುಗಿ ಬೀಳುತ್ತದೆ! ಹೊಂಜಿನ್ ಕಟ್ಟಡವಂತೂ 1995ರಲ್ಲಿ ಹೊಸದಾಗಿ ಎಬ್ಬಿಸಿದ್ದು.

ಹಾಗಾದರೆ ಎಲ್ಲ ನಕಲಿಯೇ ಎಂದು ಮರುಪ್ರಶ್ನೆ ಬರುತ್ತದೆ, ಗೊತ್ತು. ಅದೂ ಅಲ್ಲ. ಹಳೆಯ ಮನೆಗಳು ಇವೆ, ಆದರೆ ‘ಇದ್ದ ಹಾಗೇ’ ಉಳಿದವಲ್ಲ. ಮೊದಲು ಹೊಸ ರಸ್ತೆ ನದಿಯ ದಂಡೆ ಹಿಡಿಯಿತು, 1909ರಲ್ಲಿ ರೈಲು ಕೂಡ ಅದೇ ಕಡೆ ಬಂತು. ದಾರಿಹೋಕರನ್ನೇ ನಂಬಿದ್ದ ಊರಿಗೆ ಕೆಲಸ ತಪ್ಪಿತು. ಮನೆ ಕೆಡವಿ ಹೊಸದು ಕಟ್ಟಲು ದುಡ್ಡಿಲ್ಲದ್ದಕ್ಕೇ ಹಳೆಯವು ನಿಂತವು. ಹಲಗೆ ಹೊದಿಸಿ ಕಲ್ಲು ಹೇರಿದ ಮಾಡುಗಳು ಕುಸಿಯುತ್ತಿದ್ದವು, ಹುಡುಗರು ಪಟ್ಟಣ ಸೇರಿದ್ದರು. 1968ರಿಂದ ಮೂರು ವರ್ಷ ಇಪ್ಪತ್ತಕ್ಕೂ ಹೆಚ್ಚು ಮನೆಗಳನ್ನು ಬಿಚ್ಚಿಯೋ ರಿಪೇರಿ ಮಾಡಿಯೋ ಹಳೆಯ ರೂಪಕ್ಕೆ ತಂದರು. 1971ರಲ್ಲಿ ಊರವರೇ ಕಟ್ಟು ಹಾಕಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಕರೆಂಟು ಕಂಬಗಳು ಮನೆಗಳ ಹಿಂದಕ್ಕೆ ಹೋದವು, ಹಗಲು ಹೊತ್ತು ಮುಖ್ಯಬೀದಿಗೆ ಕಾರು ಬರುವಂತಿಲ್ಲ. ‘ಕಾಲ ನಿಂತುಹೋದ ಊರು’ ಎಂದರೆ ಇಷ್ಟೂ ಜನರ ದುಡಿಮೆಯನ್ನು ಕಾಲದ ಖಾತೆಗೆ ಬರೆದಂತೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಪಕ್ಕದ ಮಾಗೊಮೆ ಬೆಂಕಿಗೆ ಸಿಕ್ಕಿದ ಊರು. 1895 ಮತ್ತು 1915ರ ಅನಾಹುತಗಳ ನಂತರ ಉಳಿದದ್ದು ಕಡಿಮೆ. ಅಲ್ಲಿಯೂ ‘ಸಮುರಾಯ್ ಕಾಲ’ ಹುಡುಕುವವರಿದ್ದಾರೆ.

ಯಾರೂ ಸರಿಯಾಗಿ ಕೇಳದ ಇನ್ನೊಂದು ವಿಷಯ: ಇಂಥ ತಂಗುದಾಣಕ್ಕೆ ಇಂಗ್ಲಿಷಿನಲ್ಲಿರುವ ‘ಪೋಸ್ಟ್ ಟೌನ್’ ಎಂಬ ಹೆಸರನ್ನು ‘ಅಂಚೆ ಊರು’ ಮಾಡಿ, ಕಾಗದ ಹಂಚುತ್ತಿದ್ದರಾ ಎನ್ನುವವರುಂಟು. ಓಲೆ ಹೊತ್ತು ಓಡುವವರು ಇದ್ದರು, ಅದು ಬದಿಯ ಕೆಲಸ. ಮುಖ್ಯ ಕೆಲಸ ಹೊರೆ ಬದಲಿಸುವುದು. ಒಂದು ತಂಗುದಾಣದ ಕುದುರೆ ಮುಂದಿನದರ ತನಕ ಮಾತ್ರ. ಅಲ್ಲಿ ಗಂಟು ಇಳಿಸಿ, ಇನ್ನೊಂದು ಕುದುರೆಗೆ ಹೇರಬೇಕು. ನಾಕಾಸೆಂಡೊದ ಬೇರೆ ಕಡೆ ನಿಯಮದಂತೆ 50 ಆಳು, 50 ಕುದುರೆ ಸಿದ್ಧವಿರಬೇಕಿತ್ತು, ಬಡ ಕಿಸೊ ಕಣಿವೆಗೆ 25-25. ದೊಡ್ಡ ಮೆರವಣಿಗೆ ಬಂದರೆ ಇಷ್ಟು ಯಾವ ಮೂಲೆಗೆ? ಸುತ್ತಲ ಹಳ್ಳಿಗಳ ರೈತರನ್ನೂ ಕುದುರೆಗಳನ್ನೂ ಕರೆಸುತ್ತಿದ್ದರು, ಗದ್ದೆ ಕೆಲಸ ಬಿಟ್ಟು ಬರಬೇಕು. 1861ರಲ್ಲಿ ರಾಜಕುಮಾರಿ ಕಝುನೊಮಿಯಾ ಶೋಗುನ್‌ನನ್ನು (ಎದೊದಲ್ಲಿದ್ದ ಸೇನಾಧಿಪತಿ ದೊರೆ) ಮದುವೆಯಾಗಲು ಕ್ಯೋಟೊದಿಂದ ಎದೊಗೆ ಹೋದದ್ದು ಇದೇ ದಾರಿಯಲ್ಲಿ. ಆ ದಿಬ್ಬಣದ ಗಂಟುಮೂಟೆ ಹೊತ್ತವರಲ್ಲಿ ಈ ರೈತರೂ ಇದ್ದರು.